ಚಾರಣವೋ, ಪಾದಯಾತ್ರೆಯೋ, ಸಾವಕಾಶದ ನಡಿಗೆಯೋ? ಒಂದು ಕಿರುಹೊತ್ತಿಗೆಗಾಗಿ ಕೆಲವು ಪದಗಳು

ಬಳಗದ ಹಿರಿಯರಿಗೂ ಗೆಳೆಯರಿಗೂ ಕೊಪ್ಪಳದಿಂದ ನಮಸ್ಕಾರ.

ಬರುವ ಜೂನ್ ತಿಂಗಳಲ್ಲಿ ನಮ್ಮೂರಿಂದ ಹನ್ನೊಂದು ಜನ ಲಡಾಖಿಗೆ ಹೊರಟಿದ್ದೇವೆ. ದಿನಾ ಬೆಳಿಗ್ಗೆ ಗವಿಮಠದ ಕಡೆ ನಡೆಯಲು ಹೋಗುವ ಗುಂಪು ನಮ್ಮದು. ಐವತ್ತು ದಾಟಿದವರೇ ಹೆಚ್ಚು, ಇಬ್ಬರಿಗೆ ಎಪ್ಪತ್ತರ ಮೇಲಾಗಿದೆ. ನಾವು ಹೋಗುವುದು ಲೇಹ್‌ನಿಂದ ಪಡುವಣಕ್ಕಿರುವ ಶಾಮ್ ಎಂಬ ಸೀಮೆಗೆ: ಲಿಕಿರ್‌ನಿಂದ ಯಾಂಗ್‌ಥಾಂಗ್, ಅಲ್ಲಿಂದ ಹೆಮಿಸ್ ಶುಕ್‌ಪಾಚನ್, ಕೊನೆಗೆ ತೆಮಿಸ್‌ಗಾಂ. ದಿನಕ್ಕೆ ಕೆಲವೇ ತಾಸಿನ ನಡಿಗೆ, ರಾತ್ರಿ ಹಳ್ಳಿಯವರ ಮನೆಯಲ್ಲೇ ಊಟ ಮತ್ತು ನಿದ್ದೆ, ದಾರಿ ತೋರಿಸಲು ಅಲ್ಲಿಯವರೇ ಒಬ್ಬರು ಜೊತೆಗೆ. ದಾರಿಯಲ್ಲಿ ಎಲ್ಲಿಯೂ ನಾಲ್ಕು ಸಾವಿರ ಮೀಟರ್ ಎತ್ತರ ಮುಟ್ಟುವುದಿಲ್ಲ. ಹಿಮಾಲಯದ ನಡಿಗೆಗಳಲ್ಲಿ ಇದು ಮೆತ್ತಗಿನದು.

ಕನ್ನಡ ಪಾಠ ಹೇಳಿ ನಿವೃತ್ತಳಾದವಳು ಎಂಬ ಕಾರಣಕ್ಕೆ, ಎಲ್ಲರ ಕೈಗೂ ಕೊಡಲು ಹದಿನಾರು ಪುಟದ ಒಂದು ಹೊತ್ತಿಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆಯಲು ಕೂತರೆ ಮೊದಲ ಸಾಲಿನ ಮೊದಲ ಪದದಲ್ಲೇ ಸಿಕ್ಕಿಕೊಂಡೆ. ಈ ನಡಿಗೆಯನ್ನು ಏನೆಂದು ಕರೆಯಲಿ?

ಪತ್ರಿಕೆಗಳಲ್ಲಿ ಟ್ರೆಕ್ಕಿಂಗ್‌ಗೆ 'ಚಾರಣ' ಎಂಬುದು ನೆಲೆ ನಿಂತಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯೇ ಇದೆ. ನಮ್ಮ ಜೈನ ಕಾವ್ಯಗಳಲ್ಲಿ ಚಾರಣಋಷಿಗಳು ಬರುತ್ತಾರೆ. ಆಕಾಶದಲ್ಲಿ ಸಂಚರಿಸುವ ಸಿದ್ಧಿ ಪಡೆದ ಮುನಿಗಳು ಅವರು. ಕೊಪ್ಪಳ ಹಿಂದೆ ಕೊಪಣವಾಗಿದ್ದಾಗ ಜೈನರ ಮಹಾತೀರ್ಥವಾಗಿತ್ತು, ಆ ಕಾಲದ ಶಾಸನಗಳು ಇಲ್ಲಿನ ಬಂಡೆಗಳ ಮೇಲೆ ಇನ್ನೂ ಇವೆ. ಆ ಮುನಿಗಳ ಹೆಸರಿನ ಒಂದು ಪದ ಈಗ ಬೂಟು ಹಾಕಿಕೊಂಡು ಬೆಟ್ಟ ಹತ್ತುವವರಿಗೆ ಬಂದಿದೆ ಎಂದರೆ ಭಾಷೆಯ ಬಾಳ್ವೆ ದೊಡ್ಡದು. ಆದರೆ ಇವತ್ತು ಚಾರಣದ ಜೊತೆಗೆ ಬರುವ ಕ್ರಿಯಾಪದಗಳನ್ನು ನೋಡಿ: ಏರಿದರು, ಮುಟ್ಟಿದರು, ಜಯಿಸಿದರು, ಇಷ್ಟು ತಾಸಿನೊಳಗೆ ಮುಗಿಸಿದರು. ನಮ್ಮ ಎಪ್ಪತ್ತರ ಹಿರಿಯರು ಏನನ್ನೂ ಜಯಿಸಲು ಹೊರಟಿಲ್ಲ.

ಅವರ ಬಾಯಲ್ಲಿ ಇದು 'ಪಾದಯಾತ್ರಿ'. ಹುಲಿಗಿಗೆ ನಡೆದು ಹೋಗಿ ಹುಲಿಗೆಮ್ಮನಿಗೆ ಕಾಯಿ ಒಡೆಸಿ ಬಂದವರು, ಯುಗಾದಿಗೆ ಶ್ರೀಶೈಲಕ್ಕೆ ನಡೆದವರು ನಮ್ಮ ಗುಂಪಿನಲ್ಲಿದ್ದಾರೆ. 2010ರ ಬೆಂಗಳೂರು–ಬಳ್ಳಾರಿ ಪಾದಯಾತ್ರೆಯ ಮೇಲೆ ಈ ಭಾಗದಲ್ಲಿ ಆ ಪದಕ್ಕೆ ರಾಜಕೀಯದ ಅರ್ಥವೂ ಗಟ್ಟಿಯಾಯಿತು, ಅದಿರಲಿ. ನನಗೆ ತೊಡಕಾದದ್ದು ಬೇರೆ. ಪಾದಯಾತ್ರೆಯಲ್ಲಿ ಕಷ್ಟಕ್ಕೆ ಬೆಲೆಯುಂಟು. ಕಾಲಿಗೆ ಬೊಬ್ಬೆ ಬಂದರೆ ಹರಕೆ ಮುಟ್ಟಿತು ಎನ್ನುತ್ತೇವೆ. ಶ್ರೀಶೈಲಕ್ಕೆ ಮರಗಾಲು ಕಟ್ಟಿಕೊಂಡು ಹೋಗುವವರನ್ನು ಕಂಡು ಕೈಮುಗಿಯುತ್ತೇವೆ. ಲಡಾಖಿನ ಎತ್ತರದಲ್ಲಿ ನೋವು ನುಂಗಿ ನಡೆಯುವುದು ಭಕ್ತಿಯಲ್ಲ, ಅಪಾಯ. ತಲೆನೋವು ಬಂದವರು ಹೇಳಬೇಕು, ನಿಲ್ಲಬೇಕು, ಬೇಕಾದರೆ ಇಳಿಯಬೇಕು. 'ಪಾದಯಾತ್ರೆ' ಎಂದು ಬರೆದುಬಿಟ್ಟರೆ ನಮ್ಮವರು ಹೇಳದೆ ನಡೆಯುತ್ತಾರೆ ಎಂಬ ಹೆದರಿಕೆ ನನಗೆ.

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಕೆಲವು ವರ್ಷದ ಹಿಂದೆ ಮನೆಮಂದಿಯೆಲ್ಲ ಲೇಹ್‌ಗೆ ಹೋಗಿದ್ದೆವು. ವಿಮಾನ ಇಳಿದ ಸಂಜೆಯೇ ನನ್ನ ಮೈದುನ ಶಾಂತಿ ಸ್ತೂಪದ ಮೆಟ್ಟಿಲು ಕಂಡು ನಿಲ್ಲಲಿಲ್ಲ. "ಅಂಜನಾದ್ರಿ ಒಂದ ದಮ್ಮಿಗೆ ಹತ್ತಾಂವ ನಾ, ಇದೇನ್ ದೊಡ್ಡದು ವೈನಿ" ಅಂದ, ಹತ್ತಿಯೂ ಬಿಟ್ಟ. ಅಂಜನಾದ್ರಿಗೆ 575 ಮೆಟ್ಟಿಲು, ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕೊಪ್ಪಳ ಇರುವುದು ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಮೇಲೆ, ಲೇಹ್ ಸುಮಾರು 3,500 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ, ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ರಾತ್ರಿಯೆಲ್ಲ ತಲೆ ಸಿಡಿತ, ವಾಂತಿ. ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅವನ ಮಗ್ಗುಲಲ್ಲಿ ಕೂತಾಗ ನನಗೆ ಹೊಳೆದದ್ದು, 'ಒಂದ ದಮ್ಮಿಗೆ' ಎನ್ನುವ ನಮ್ಮ ಹೆಮ್ಮೆಯ ಮಾತಿಗೆ ಎದುರುಮಾತು ಬೇಕು ಎಂಬುದು.

ಆ ಎದುರುಮಾತು ನಮ್ಮ ಕಡೆ ಇದ್ದೇ ಇದೆ: ಸಾವಕಾಶ.

ಸಂಸ್ಕೃತದಲ್ಲಿ ಅದು ಅವಕಾಶ ಉಳ್ಳದ್ದು, ಎಡೆ ಇರುವಂಥದ್ದು. ಮರಾಠಿಯಲ್ಲಿಯೂ ನಮ್ಮಲ್ಲಿಯೂ ಅದು 'ನಿಧಾನವಾಗಿ' ಎಂಬ ಅರ್ಥಕ್ಕೆ ಬಂದು ಕೂತಿದೆ. ಮೈಸೂರು ಕಡೆಯ ಬರವಣಿಗೆಯಲ್ಲಿ 'ಬಿಡುವು, ಪುರುಸೊತ್ತು' ಎಂಬ ಅರ್ಥದಲ್ಲಿ ಓದಿದ ನೆನಪು ನನಗೆ. ನಮ್ಮ ಸೀಮೆಯಲ್ಲಿ ಇದು ದಿನಬಳಕೆಯ ಮಾತು. ಬಸ್ಸಿಳಿಯುವ ಮುದುಕಿಗೆ "ಸಾವಕಾಶ ಇಳೀಬೇ ಯಮ್ಮಾ", ಊಟಕ್ಕೆ ಕೂತವರಿಗೆ "ಸಾವಕಾಶ ಉಣ್ರಿ", ಊರಿಗೆ ಹೊರಟವರಿಗೆ "ಸಾವಕಾಶ ಹೋಗಿ ಬರ್ರಿ". ಇದರ ಪಕ್ಕದಲ್ಲಿ 'ಹಗೂರಕ' ಎಂಬ ಇನ್ನೊಂದು ಮಾತೂ ಇದೆ, ಎರಡೂ ಒಂದೇ ಅಲ್ಲ. ಹಗೂರಕ ಎಂದರೆ ಭಾರ ಹಾಕದೆ, ತುಂಬಿದ ಕೊಡ ಇಳಿಸಿದ ಹಾಗೆ. ಸಾವಕಾಶ ಎಂದರೆ ಹೊತ್ತಿಗೆ ಹೆದರದೆ. ರಾಯಚೂರು ಕಡೆ ಉರ್ದುವಿನ 'ಆಸ್ತೆ', 'ಆರಾಮ್ ಸೆ' ಕೂಡ ಕೇಳುತ್ತವೆ, ಆದರೆ ಅವಕ್ಕೆ ಈ ತುಂಬುತನವಿಲ್ಲ ಎಂದು ನನಗನಿಸುತ್ತದೆ.

ಇನ್ನೊಂದು ಕಾರಣಕ್ಕೂ ಈ ಪದ ನನಗೆ ಹಿಡಿಸಿತು. ಚಳಿಗಾಲ ಬಂತೆಂದರೆ ನಮ್ಮ ಊರುಗಳಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಏಳುತ್ತವಲ್ಲ? ಬಳ್ಳಾರಿಯಲ್ಲಿ ಹಾಗೆ ಅಂಗಡಿ ಹಾಕಿದ್ದ ಮುಂಡಗೋಡದ ಒಬ್ಬ ಹೆಣ್ಣುಮಗಳು, ಕನ್ನಡವನ್ನೂ ಚೆನ್ನಾಗಿ ಆಡುತ್ತಾರೆ, ಹೇಳಿಕೊಟ್ಟರು: ಟಿಬೆಟನ್ ಭಾಷೆಯಲ್ಲಿ ಹೊರಟವರಿಗೆ 'ಕಲೆ ಫೇ' ಎನ್ನುತ್ತಾರೆ, ಹೊರಟವರು ಉಳಿದವರಿಗೆ 'ಕಲೆ ಶು' ಎನ್ನುತ್ತಾರೆ. ಸಾವಕಾಶ ಹೋಗಿ, ಸಾವಕಾಶ ಇರಿ. ನಮ್ಮ ಬೀಳ್ಕೊಡುವ ಮಾತೂ ಅವರದೂ ಒಂದೇ ಅಚ್ಚಿನದು. ಹಾಗಾಗಿ ಹೊತ್ತಿಗೆಯ ಮುಖಪುಟಕ್ಕೆ 'ಲಡಾಖಿನಲ್ಲಿ ಸಾವಕಾಶದ ನಡಿಗೆ' ಎಂದು ಬರೆದಿದ್ದೇನೆ.

ಗುಂಪಿನ ಒಬ್ಬರು ಇದಕ್ಕೆ ತಕರಾರು ತೆಗೆದರು. "ಸಾವಕಾಶ ಅಂದ್ರ ಆಲಸಿಗಳು ಅಂದಂಗ ಆತಲ್ರಿ ಟೀಚರ್" ಎಂದು. ಅವರನ್ನು ಗವಿಮಠದ ಬಂಡೆಯ ಅಶೋಕನ ಶಾಸನದ ಹತ್ತಿರ ಕರೆದುಕೊಂಡು ಹೋದೆ. ಅದು ಮತ್ತು ಪಾಲ್ಕಿಗುಂಡಿನದು 1931ರಲ್ಲಿ ಬೆಳಕಿಗೆ ಬಂದವು. ಮಸ್ಕಿ, ನಿಟ್ಟೂರು, ಉಡೇಗೋಳಗಳನ್ನೂ ಸೇರಿಸಿದರೆ ಹೀಗೆ ಅಶೋಕನ ಮಾತು ಬಂಡೆಯ ಮೇಲೆ ಉಳಿದ ನೆಲ ನಮ್ಮದು. ಬೌದ್ಧ ಸಂಘದ ಹತ್ತಿರ ಹೋದ ಮೇಲೆ ತಾನು ಹೆಚ್ಚು ಪ್ರಯತ್ನಪಟ್ಟೆ, ಇದು ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಆಗುತ್ತದೆ ಎಂಬುದು ಅದರ ತಿರುಳು. ಆ ಪ್ರಯತ್ನಕ್ಕೆ ಅಲ್ಲಿರುವ ಪ್ರಾಕೃತ ಪದ 'ಪಕಮ', ಸಂಸ್ಕೃತದ ಪ್ರಕ್ರಮ. ಧಾತು 'ಕ್ರಮ್', ಹೆಜ್ಜೆ ಇಡು. ಓಡು ಎಂದಲ್ಲ, ಹೆಜ್ಜೆ ಮುಂದಿಡು ಎಂದು. ಅವರು ತುಸು ಹೊತ್ತು ಬಂಡೆ ನೋಡಿ ಒಪ್ಪಿಕೊಂಡರು.

ಮುಂದಿನ ತೊಡಕು 'ಲಾ', ಬೆಟ್ಟಸಾಲನ್ನು ಏರಿ ದಾಟುವ ಜಾಗಕ್ಕೆ ಅಲ್ಲಿಯವರು ಆಡುವ ಮಾತು. ಲಡಾಖ್ ಎಂಬ ಹೆಸರಲ್ಲೇ ಈ 'ಲಾ' ಇದೆ, 'ಲಾ'ಗಳ ನಾಡು ಎಂದೇ ಅದನ್ನು ಬಿಡಿಸುತ್ತಾರೆ. ನಾಥು ಲಾ, ಶಿಪ್ಕಿ ಲಾ, ಜೋಜಿ ಲಾ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ನಮ್ಮ ದಾರಿಯಲ್ಲಿ ಫೋಬೆ ಲಾ, ಚರತ್ಸೆ ಲಾ ಮುಂತಾದವು ಬರುತ್ತವೆ. 'ಖರ್ದುಂಗ್ ಲಾ ಪಾಸ್' ಎಂದು ಬರೆಯುವುದನ್ನಂತೂ ನಾನು ಮಾಡುವುದಿಲ್ಲ, 'ಲಾ' ಎಂದರೇ ಪಾಸ್. ಆದರೆ ಅರ್ಥ ಕೊಡಬೇಕಲ್ಲ? ಪಠ್ಯಪುಸ್ತಕದ 'ಕಣಿವೆ ಮಾರ್ಗ' ಹಿಡಿದರೆ ಗೊಂದಲ. ಕಾಶ್ಮೀರ ಕಣಿವೆ, ನದಿ ಕಣಿವೆ ಎಂದು ಹೇಳಿ ಹೇಳಿ ಕಣಿವೆ ಈಗ ತಗ್ಗಿನ ಜಾಗವಾಗಿದೆ. 'ಇವತ್ತು ಒಂದು ಕಣಿವೆ ಸಿಗುತ್ತದೆ' ಎಂದು ಓದಿದವರು ಇಳಿಜಾರಿಗೆ ಕಾದಿರುತ್ತಾರೆ, ಎದುರಿಗೆ ಏರು ಬರುತ್ತದೆ.

ನಮ್ಮ ಹಿರಿಯರ 'ಕಣವಿ' ಹಾಗಲ್ಲ. ಎರಡು ಗುಡ್ಡದ ನಡುವೆ ಬಂಡಿದಾರಿ ಏರಿ ದಾಟಿ ಆ ಕಡೆ ಇಳಿಯುವ ಜಾಗ ಅದು. "ಕಣವಿ ದಾಟಿದರ ಊರು ಕಾಣಿಸ್ತೈತಿ" ಎಂದು ನನ್ನ ಅಜ್ಜ ಹೇಳುತ್ತಿದ್ದ. ಮನೆತನದ ಹೆಸರಾಗಿಯೂ ಉತ್ತರ ಕರ್ನಾಟಕದಲ್ಲಿ ಅದು ಉಳಿದಿದೆ. ಚಿತ್ರದುರ್ಗದ ಕಡೆ ಕಣಿವೆ ಮಾರಮ್ಮ ಇದ್ದಾಳೆ, ದಾಟುವವರು ಅವಳಿಗೆ ಕೈಮುಗಿದೇ ದಾಟುತ್ತಾರೆ. ಲಡಾಖಿನ 'ಲಾ'ದ ನೆತ್ತಿಯಲ್ಲಿಯೂ ಕಲ್ಲುಗುಪ್ಪೆ, ಮಂತ್ರ ಬರೆದ ಬಣ್ಣದ ಬಾವುಟಗಳು. ಅಲ್ಲಿಗೆ ಮುಟ್ಟಿದವರು 'ಕಿ ಕಿ ಸೋ ಸೋ ಲ್ಹಾ ಗ್ಯಾಲೋ' ಎಂದು ಕೂಗುತ್ತಾರೆ, ದೇವರಿಗೆ ಜಯವಾಗಲಿ ಎಂದು. ಗೆಲುವು ಅಲ್ಲಿ ದೇವರದು, ನಡೆದವರದಲ್ಲ. ಆದ್ದರಿಂದ 'ಲಾ'ಕ್ಕೆ 'ಕಣವಿ' ಎಂದೇ, ಆಡುಮಾತಿನ ಆ ರೂಪದಲ್ಲೇ, ಬರೆಯುವ ಆಸೆ ನನಗೆ.

ಸಂಡೂರಿನವರೊಬ್ಬರು 'ಗಂಡಿ' ಸೂಚಿಸಿದರು. ಭೀಮನಗಂಡಿ, ಓಬಳಗಂಡಿ ಇರುವ ಊರಿನವರು, ಸಹಜವೇ. ಆದರೆ ಅವು ನಾರಿಹಳ್ಳ ಹರಿಯುವ ತಗ್ಗಿನ ಸಂದುಗಳು. ನೀರು ಬೆಟ್ಟ ಸೀಳಿದ ಕಡೆ ಗಂಡಿ. 'ಲಾ' ಬೆಟ್ಟಸಾಲಿನ ಬೆನ್ನು ಸ್ವಲ್ಪ ಬಾಗಿದ ಕಡೆ ಜನ ಏರಿ ಹೋಗುವ ದಾರಿ. ಅದಕ್ಕೆ ಗಂಡಿ ಒಪ್ಪುವುದಿಲ್ಲ ಎಂದುಕೊಂಡಿದ್ದೇನೆ. ಸಂಡೂರು, ಕೂಡ್ಲಿಗಿ, ಕುಷ್ಟಗಿ ಕಡೆಯ ಕುರಿ ಕಾಯುವವರಲ್ಲಿ ಇಂಥ ಜಾಗಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಅವರ ಮಾತಿನ ಮುಂದೆ ನನ್ನ ಆಯ್ಕೆಯನ್ನು ಬಿಟ್ಟುಕೊಡಲು ಸಿದ್ಧಳಿದ್ದೇನೆ.

ಇನ್ನು ಗೊಂಪಾ, ಲಡಾಖಿನ ಬೌದ್ಧ ಭಿಕ್ಷುಗಳ ನೆಲೆ. ಇದರ ಬಗ್ಗೆ ನಾನು ಎಷ್ಟು ಓದಿದೆನೋ ಅಷ್ಟೂ ಬರೆಯುವ ಆಸೆಯಾಗುತ್ತಿದೆ. ಟಿಬೆಟನ್ನಿನಲ್ಲಿ ಆ ಪದದ ಮೂಲ ಅರ್ಥ ನಿರ್ಜನ ಜಾಗ. ಸಂಸ್ಕೃತ ಗ್ರಂಥಗಳನ್ನು ಅನುವಾದಿಸಿದ ಅವರ ಪಂಡಿತರು 'ಅರಣ್ಯ'ಕ್ಕೆ ಈ ಪದವನ್ನೇ ಇಟ್ಟಿದ್ದರು. ಊರಿಂದ ದೂರ ಒಂಟಿಯಾಗಿ ಕೂತವರ ಜಾಗವೇ ಮುಂದೆ ನೂರಾರು ಭಿಕ್ಷುಗಳ ದೊಡ್ಡ ಕಟ್ಟಡಕ್ಕೂ ಹೆಸರಾಯಿತು. ಲಡಾಖಿನದೇ ಸೀಮೆಯಾದ ಜಂಸ್ಕಾರದಲ್ಲಿ ಫುಕ್ತಾಲ್ ಎಂಬ ಗೊಂಪಾ ಇದೆ, ಒಂದು ದೊಡ್ಡ ಗವಿಯ ಬಾಯಲ್ಲೇ ಕಟ್ಟಿದ್ದು. 'ಫುಕ್' ಎಂದರೆ ಗವಿ. ಇದನ್ನು ಓದಿದ ದಿನ ನಾನು ಮನೆಯಲ್ಲಿ ಎಲ್ಲರನ್ನೂ ಕರೆದು ಹೇಳಿದೆ: ಅಲ್ಲೊಂದು ಗವಿಮಠ ಐತಿ!

ಹಾಗಾದರೆ ಗೊಂಪಾಕ್ಕೆ 'ಮಠ' ಎನ್ನಬಹುದೇ? ಕೊಪ್ಪಳದಲ್ಲಿ ಬರಿದೇ 'ಮಠ' ಎಂದರೆ ಗವಿಮಠ. ಗುರುಪರಂಪರೆ, ಮರಿಗಳ ಪಾಠ, ಬಂದವರಿಗೆ ಊಟ, ವರ್ಷಕ್ಕೊಂದು ಜಾತ್ರೆ ಎಲ್ಲ ಆ ಒಂದು ಮಾತಿನಲ್ಲಿ ಬರುತ್ತವೆ. ಲಿಕಿರ್‌ನಲ್ಲಿಯೂ ಗುರುಪರಂಪರೆ ಇದೆ, ಕೆಂಪು ಬಟ್ಟೆಯ ಮರಿಭಿಕ್ಷುಗಳು ಓದುತ್ತಾರೆ. 'ಲಿಕಿರ್ ಮಠ' ಎಂದ ಕೂಡಲೇ ನಮ್ಮವರಿಗೆ ಚಪ್ಪಲಿ ಎಲ್ಲಿ ಬಿಡಬೇಕು, ದನಿ ಎಷ್ಟು ತಗ್ಗಿಸಬೇಕು ಎಂಬುದು ಹೇಳದೆ ತಿಳಿಯುತ್ತದೆ. 'ಗೊಂಪಾ' ಎಂದರೆ ನೋಡುವ ಜಾಗ ಎಂದುಕೊಂಡು ಕ್ಯಾಮೆರಾ ತೆಗೆಯುತ್ತಾರೆ.

ಶಾಸ್ತ್ರಕ್ಕೆ ಸರಿಯಾದ ಪದ 'ವಿಹಾರ' ಎಂದು ಬಳಗದಲ್ಲಿ ಹಲವರು ಹೇಳುತ್ತೀರಿ ಎಂದು ಗೊತ್ತು. ನಮಗೆ ಹತ್ತಿರದ ಡಂಬಳದಲ್ಲೇ 1095ರ ಶಾಸನ ಬುದ್ಧನ ಮತ್ತು ತಾರಾದೇವಿಯ ವಿಹಾರಗಳನ್ನು ಹೆಸರಿಸುತ್ತದೆ. ಪದ ಕನ್ನಡ ನಾಡಿಗೆ ಹೊಸದಲ್ಲ. ಆದರೆ ಇಂದು ವಿಹಾರ ಎಂದರೆ ವಾಯುವಿಹಾರ, ದೋಣಿವಿಹಾರ. ಇದರಲ್ಲಿ ಒಂದು ಸೊಗಸು ಇದೆ, ಬಿಡಲು ಮನಸ್ಸಾಗುತ್ತಿಲ್ಲ: ಜೈನ ಮುನಿಗಳು ಊರಿಂದ ಊರಿಗೆ ಬರಿಗಾಲಲ್ಲಿ ನಡೆಯುವುದಕ್ಕೆ ಇಂದಿಗೂ 'ವಿಹಾರ' ಎನ್ನುತ್ತಾರೆ. ಬೌದ್ಧರಲ್ಲಿ ಅದೇ ಪದ ಭಿಕ್ಷುಗಳು ನೆಲೆಸುವ ಮನೆ. ನಡೆಯುವುದೂ ತಂಗುವುದೂ ಒಂದೇ ಪದದಲ್ಲಿ. ಮಠದಿಂದ ಮಠಕ್ಕೆ ನಡೆಯುವ ನಮ್ಮಂಥವರಿಗೆ ಇದಕ್ಕಿಂತ ಹೊಂದುವ ಪದ ಇನ್ನೊಂದಿಲ್ಲ, ಆದರೂ ಮುಖಪುಟದಲ್ಲಿ ಹಾಕಿದರೆ ಓದುವವರು ಪಿಕ್ನಿಕ್ ಎಂದುಕೊಳ್ಳುತ್ತಾರೆ. ಒಳಪುಟದಲ್ಲಿ ಒಂದು ಪ್ಯಾರಾ ಇದಕ್ಕೆಂದೇ ಇಟ್ಟಿದ್ದೇನೆ.

ಉಳಿದವು ಸಲೀಸಾಗಿ ಸಿಕ್ಕವು. ಮಂತ್ರ ಕೆತ್ತಿದ ಕಲ್ಲುಗಳನ್ನು ಪೇರಿಸಿದ ಮಣಿಕಲ್ಲಿನ ಗೋಡೆಯನ್ನು ಸದಾ ನಮ್ಮ ಬಲಕ್ಕೆ ಬಿಟ್ಟು ಹೋಗಬೇಕಂತೆ. ಅದಕ್ಕೆ ನಮ್ಮ ಹಳೆಯ 'ಬಲಗೊಂಡು ಹೋಗಿ' ಸಾಕು, ವಿವರಣೆಯೇ ಬೇಡ. ಎತ್ತರದ ಹವೆಗೆ ಮೈ ಹೊಂದಿಕೊಳ್ಳಲಿ ಎಂದು ಲೇಹ್‌ನಲ್ಲಿ ಸುಮ್ಮನಿರುವ ಮೊದಲ ದಿನಗಳಿಗೆ 'ಒಗ್ಗುವ ದಿನಗಳು' ಎಂದು ಬರೆದೆ. "ಆ ಊರ ನೀರು ಒಗ್ಗಲಿಲ್ಲ" ಎನ್ನುವ ಜನಕ್ಕೆ ಹವಾ ಒಗ್ಗುವುದೂ ತಿಳಿಯುತ್ತದೆ. ಹುರಿದ ಬಾರ್ಲಿಯ ಹಿಟ್ಟಿಗೆ 'ನಮ್ಮ ಪಂಚಮಿ ಅಳ್ಳಿಟ್ಟಿನಂಥದ್ದು' ಎಂದಿದ್ದೇನೆ. ಗೈಡ್‌ಗೆ ಗೈಡ್ ಎಂದೇ ಬಿಟ್ಟೆ, ಹಂಪಿಯ ಆಸುಪಾಸಿನವರು ನಾವು, ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಬಳಗದಿಂದ ನನಗೆ ಬೇಕಾದದ್ದು ಇಷ್ಟು. ನಿಮ್ಮ ಸೀಮೆಯಲ್ಲಿ 'ಸಾವಕಾಶ'ಕ್ಕೆ ನಿಧಾನದ ಅರ್ಥ ಎಲ್ಲಿಯವರೆಗೆ ಇದೆ? ತುಂಗಭದ್ರೆಯ ಆಚೆ ದಾವಣಗೆರೆ, ಚಿತ್ರದುರ್ಗದಲ್ಲಿ ಇದೆಯೇ? 'ಕಣವಿ' ಎಂಬುದನ್ನು ಬೆಟ್ಟದ ದಾಟಿಗೆ ಈಗಲೂ ಬಾಯಲ್ಲಿ ಆಡುವವರು ಇದ್ದಾರೆಯೇ, ಊರಹೆಸರಿನಲ್ಲಷ್ಟೇ ಉಳಿದಿದೆಯೇ? ಬೌದ್ಧ ನೆಲೆಗೆ 'ಮಠ' ಎನ್ನುವುದು ಮುಂಡಗೋಡ, ಬೈಲುಕುಪ್ಪೆಗಳ ಸುತ್ತಲಿನ ಕನ್ನಡಿಗರಲ್ಲಿ ರೂಢಿಯಲ್ಲಿದೆಯೇ? ಮೇ ಮೊದಲ ವಾರಕ್ಕೆ ಹೊತ್ತಿಗೆ ಅಚ್ಚಿಗೆ ಹೋಗುತ್ತದೆ, ಅಲ್ಲಿಯವರೆಗೆ ತಿದ್ದಲು ದಿನಗಳಿವೆ.