ಅಪ್ಪನ ಟೈಟರ್ ಬರೀ 6, ಲಸಿಕೆ ದಂಡವಾಯ್ತಾ?

ಪ್ರಶ್ನೆ, ಶಿಡ್ಲಘಟ್ಟದಿಂದ:
ಅಪ್ಪನಿಗೆ 73. ಡಯಾಲಿಸಿಸ್‌ಗೆ ಅಂತ ವಾರಕ್ಕೆ ಎರಡು ಸಲ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗುತ್ತೇನೆ. ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಲಿವರ್ ರೋಗ) ಲಸಿಕೆ ಮೂರು ಡೋಸ್ ಹಾಕಿಸಿದ್ದೆವು. ಈಗ ಟೈಟರ್, ಅಂದರೆ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯದ ಮಟ್ಟ, 6 ಬಂದಿದೆ, 10 ಆದರೂ ಇರಬೇಕಂತೆ. ಜೊತೆಗೇ ಹಾಕಿಸಿಕೊಂಡ ನನಗೆ 300 ದಾಟಿದೆ. ಅಪ್ಪನಿಗೆ ಹಾಕಿದ್ದು ದಂಡವಾಯ್ತಾ? ಯಾರ ಮನೆಯಲ್ಲಾದರೂ ಹೀಗಾಗಿದೆಯಾ?

ಚಿಂತಾಮಣಿಯಿಂದ:
ನಮ್ಮ ಅತ್ತೆಗೂ ಹೀಗೇ ಆಗಿತ್ತು ಸರ್. ನೀವು ಮೂರು ಡೋಸ್ ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಆರೋಗ್ಯವಾಗಿರುವ ದೊಡ್ಡವರಿಗೆ ಒಂದು ಸಲಕ್ಕೆ 20 ಮೈಕ್ರೋಗ್ರಾಂ ಸಾಕು. ಡಯಾಲಿಸಿಸ್‌ನವರಿಗೆ 40 ಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕು ಸಲ: ಶುರುವಿಗೆ, ಆಮೇಲೆ 1, 2 ಮತ್ತು 6ನೇ ತಿಂಗಳಿಗೆ. ಅತ್ತೆಗೆ ಒಂದು ಕ್ಲಿನಿಕ್‌ನಲ್ಲಿ ಮಾಮೂಲಿ ಡೋಸೇ ಹಾಕಿಬಿಟ್ಟಿದ್ದರು. ಚೀಟಿ ನೋಡಿ ಕಿಡ್ನಿ ಡಾಕ್ಟರು ತಲೆ ಚಚ್ಚಿಕೊಂಡರು. ಮತ್ತೆ ಮೊದಲಿಂದ ಹಾಕಿಸಿದೆವು. ಕೊನೇ ಡೋಸ್ ಆಗಿ ಒಂದೂವರೆ ತಿಂಗಳಿಗೆ ನೋಡಿಸಿದರೆ 48. ಕುಣಿದಾಡುವಷ್ಟೇನಲ್ಲ, ಆದರೆ ಸಾಕು. ಈಗ ವರ್ಷಕ್ಕೊಂದು ಸಲ ನೋಡಿಸುತ್ತೇವೆ, 10ಕ್ಕಿಂತ ಇಳಿದರೆ ಬೂಸ್ಟರ್. ರಕ್ತ ಮೆಷಿನ್‌ಗೆ ಹೋಗಿ ಬರುವವರಿಗೆ ಈ ಲಸಿಕೆ ಬಿಡುವ ಹಾಗಿಲ್ಲ.

ಕೋಲಾರದಿಂದ, ರಿಟೈರ್ಡ್ ಲ್ಯಾಬ್ ಟೆಕ್ನಿಷಿಯನ್:
ನಿಮ್ಮ 300ರ ಪಕ್ಕ ಅಪ್ಪನ 6 ಇಟ್ಟು ನೋಡಬೇಡಿ. ಹೊಸ ರೋಗಾಣುವಿಗೆ ಪ್ರತಿಕಾಯ ಮಾಡುವುದು ಬಿ ಕಣಗಳು. ಅವಕ್ಕೆ ಟಿ ಕಣಗಳ ಕುಮ್ಮಕ್ಕು ಬೇಕು (ಎರಡೂ ಬಿಳಿ ರಕ್ತಕಣಗಳೇ). ಟಿ ಕಣ ಪಳಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಅದು ಹರೆಯದಿಂದಲೇ ಸೊರಗಲು ಶುರು, ಎಪ್ಪತ್ತರ ಹೊತ್ತಿಗೆ ಬಹುಪಾಲು ಬರೀ ಕೊಬ್ಬು. ಮೂಳೆಮಜ್ಜೆಯಿಂದ ಬರುವ ಹೊಸ ಬಿ ಕಣಗಳೂ ಕಮ್ಮಿಯಾಗುತ್ತವೆ. ಹಾಗಾಗಿ ಪ್ರತಿಕಾಯ ಕಡಿಮೆ ಹುಟ್ಟುತ್ತದೆ, ಬೇಗ ಇಳಿಯುತ್ತದೆ. ನಿಮ್ಮ ಅಪ್ಪನಿಗೆ ಕಿಡ್ನಿ ತೊಂದರೆ ಬೇರೆ, ಅದೂ ಇದನ್ನೇ ಮಾಡುತ್ತದೆ.

ಹಳೇ ನೆನಪಿನ ಕಥೆ ಮಾತ್ರ ಬೇರೆ. 1918ರ ಫ್ಲೂ ಕಾಲದಲ್ಲಿ ಮಕ್ಕಳಾಗಿದ್ದವರ ರಕ್ತದಲ್ಲಿ ಸುಮಾರು 90 ವರ್ಷದ ಮೇಲೂ ಆ ವೈರಸ್‌ನ ಪ್ರತಿಕಾಯ ಸಿಕ್ಕಿದೆ! ನಮ್ಮಜ್ಜಿ ಚಿಕ್ಕಂದಿನ ತೆಲುಗು ಪದಗಳನ್ನು ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ಮೊಮ್ಮಗಳ ಗಂಡನ ಹೆಸರು ಮಾತ್ರ ಪ್ರತಿ ಸಲ ಕೇಳುತ್ತಿದ್ದರು. ಹೊಸದನ್ನು ಕಲಿಸಲು ಎರಡು ಮೂರು ಸಲ ಹೇಳಬೇಕು, ಅಷ್ಟೇ.

ಬಾಗೇಪಲ್ಲಿಯಿಂದ:
ವಯಸ್ಸಾದ ಮೇಲೆ ಲಸಿಕೆ ಸುಮ್ನೆ ಅನ್ನುವವರ ಮಾತು ಕೇಳಬೇಡಿ ಅಣ್ಣ. ನಾವು ಕೇಳಿ ಕೆಟ್ಟೆವು. ಅಮ್ಮನಿಗೆ 68ರಲ್ಲಿ ಸರ್ಪಸುತ್ತು ಆಯಿತು. ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ಸೇ ನರದಲ್ಲಿ ಅಡಗಿದ್ದು ಎದ್ದು ಬರುವುದಂತೆ. ಕೆಮ್ಮಣ್ಣು ಹಚ್ಚಿಕೊಂಡು ಕೂತೆವು. ಗುಳ್ಳೆ ಒಣಗಿದರೂ ಉರಿ ಐದು ತಿಂಗಳು ಬಿಡಲಿಲ್ಲ. ಸೆರಗು ತಾಗಿದರೂ ಚೀರುತ್ತಿದ್ದರು. ಅದಕ್ಕೆ ಶಿಂಗ್ರಿಕ್ಸ್ ಅಂತ ಲಸಿಕೆ ಇದೆ, 50 ದಾಟಿದವರಿಗೆ ಎರಡು ಡೋಸ್. ಪ್ರತಿಕಾಯ ಚೆನ್ನಾಗಿ ಏಳಲಿ ಅಂತ ಅದರಲ್ಲಿ ಉತ್ತೇಜಕ ಬೆರೆಸಿರುತ್ತಾರೆ. 70 ದಾಟಿದವರಲ್ಲೂ ಸುಮಾರು 90% ರಕ್ಷಣೆ ಸಿಕ್ಕಿದೆ. ದುಡ್ಡು ಜಾಸ್ತಿ, ನಿಜ.

ಶಿಡ್ಲಘಟ್ಟದಿಂದ, ಮತ್ತೆ:
ಫೈಲ್ ತೆಗೆದು ನೋಡಿದೆ ಚಿಂತಾಮಣಿ ಅಕ್ಕ. ನೀವು ಹೇಳಿದ ಹಾಗೇ, ಮೂರಕ್ಕೂ 20 ಅಂತ ಬರೆದಿದೆ. ಗುರುವಾರ ಡಯಾಲಿಸಿಸ್ ಇದೆ, ಚೀಟಿ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸುತ್ತೇನೆ.