ಸಹಾಯ ಬೇಕು: ಕೇಬಲ್ ಡ್ರಮ್ ಮೇಲಿನ ಬರಹ ಪೂರ್ತಿ ಅರ್ಥವಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಪಂಪ್‌ಹೌಸ್‌ಗೆ ತರಿಸಿದ ಕೇಬಲ್ ಡ್ರಮ್ ಮೇಲೆ ‘4 ಕೋರ್, 16 ಚದರ ಮಿ.ಮೀ., ತಾಮ್ರ, ಎಕ್ಸ್‌ಎಲ್‌ಪಿಇ, 0.6/1 ಕೆವಿ’ ಎಂದಿದೆ. ವೋಲ್ಟೇಜ್ ಲೆಕ್ಕ ಗೊತ್ತು: ತಂತಿಗೂ ಭೂಮಿಗೂ ನಡುವೆ 600, ಎರಡು ತಂತಿಗಳ ನಡುವೆ 1000 ವೋಲ್ಟ್. ತಲೆ ಕೆಟ್ಟಿರುವುದು ಆಂಪಿಯರ್ ವಿಷಯದಲ್ಲಿ.

ಎಕ್ಸ್‌ಎಲ್‌ಪಿಇ (ತಂತಿಯ ಸುತ್ತಲಿನ ನಿರೋಧಕ ಪ್ಲಾಸ್ಟಿಕ್ ಪದರ) 90 ಡಿಗ್ರಿ ಬಿಸಿ ತಡೆಯುತ್ತದೆ, ಮಾಮೂಲಿ ಪಿವಿಸಿ 70 ಅಷ್ಟೇ. ಆದರೆ ನನ್ನ ಸ್ವಿಚ್‌ನ ಟರ್ಮಿನಲ್ಲೂ 70 ಡಿಗ್ರಿಯದ್ದೇ. ಹಾಗಾದರೆ ಕೇಬಲ್ ಎಷ್ಟು ಆಂಪಿಯರ್ ತಡೆಯುತ್ತದೆ ಎನ್ನುವ ಪಟ್ಟಿಯಲ್ಲಿ 90 ಡಿಗ್ರಿಯ ಸಾಲು ನೋಡುವುದು ತಪ್ಪು ಅಲ್ವಾ? ಕೇಬಲ್ ಅರ್ಧ ದಾರಿ ಪೈಪ್ ಒಳಗೆ, ಉಳಿದದ್ದು ನೇರ ಮಣ್ಣಿನಲ್ಲಿ ಹೋಗುತ್ತದೆ. ಎರಡರಲ್ಲಿ ಕಡಿಮೆ ಆಂಪಿಯರ್ ಯಾವುದೋ ಅದನ್ನೇ ಹಿಡಿಯಬೇಕಾ?

ಇನ್ನೊಂದು. ಚೀಟಿಯಲ್ಲಿ 500 ಮೀಟರ್ ಎಂದಿದೆ. ಹೊದಿಕೆಯ ಮೇಲಿನ ಮೀಟರ್ ಗುರುತು ಒಂದು ತುದಿಯಲ್ಲಿ 1012, ಇನ್ನೊಂದರಲ್ಲಿ 516. ಕಳೆದರೆ 496! ಯಾವುದನ್ನು ನಂಬಲಿ? (ಡ್ರಮ್ ಮೇಲಿನ ಬಾಣ ಉರುಳಿಸುವ ದಿಕ್ಕು ಅಂತ ತಿಳಿಯದೆ ಉಲ್ಟಾ ಉರುಳಿಸಿ ಸುತ್ತು ಸಡಿಲ ಮಾಡಿಕೊಂಡಿದ್ದೂ ಆಯಿತು.)