ಪದಚರ್ಚೆ: ಕರಾವೋಕೆ ಕೂಟದ ‘ಜೂಹಾಚಿಬಾನ್’ಗೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಜಪಾನಿನ ಕೋಬೆಯಲ್ಲಿ ಅಲ್ಲಿಯ ಗೆಳೆಯರೊಡನೆ ಕರಾವೋಕೆ (ಮುದ್ರಿತ ವಾದ್ಯಸಂಗೀತಕ್ಕೆ ದನಿಗೂಡಿಸಿ ಹಾಡುವ) ಕೋಣೆಯೊಂದರಲ್ಲಿ ತಡರಾತ್ರಿಯವರೆಗೆ ಹಾಡಿ ನಲಿದಾಗ ಕಿವಿಗೆ ಬಿದ್ದ ಪದವೊಂದರ ಬಗ್ಗೆ ತಮ್ಮಲ್ಲಿ ವಿಚಾರಿಸಬೇಕಾಗಿದೆ. ಹಾಡು ಆರಿಸುವ ಫಲಕವನ್ನು ಕೈಯಿಂದ ಕೈಗೆ ದಾಟಿಸುತ್ತ ಅವರು ಒಬ್ಬರನ್ನೊಬ್ಬರು ‘ನಿನ್ನ ಜೂಹಾಚಿಬಾನ್ ಯಾವುದು?’ ಎಂದು ಕೇಳುತ್ತಿದ್ದರು. ‘ಹದಿನೆಂಟನೆಯದು’ ಎಂಬುದು ಅದರ ಅಕ್ಷರಾರ್ಥ. ಅದೇ ಬರಹವನ್ನು ‘ಒಹಾಕೊ’ ಎಂದೂ ಓದುವುದುಂಟು. ಜಪಾನಿನ ಸಾಂಪ್ರದಾಯಿಕ ರಂಗಕಲೆಯಾದ ಕಬುಕಿಯ ನಟ ಏಳನೆಯ ಇಚಿಕಾವಾ ದಾಂಜೂರೊ ತನ್ನ ಮನೆತನದ ಹೆಗ್ಗಳಿಕೆಯ ಹದಿನೆಂಟು ನಾಟಕಗಳನ್ನು 1832ರಲ್ಲಿ ಪಟ್ಟಿಮಾಡಿದ್ದರೊಂದಿಗೆ ಈ ಮಾತನ್ನು ಸಾಮಾನ್ಯವಾಗಿ ಜೋಡಿಸುತ್ತಾರೆ. ಇಂದಿನ ಬಳಕೆಯಲ್ಲಿ, ಒಬ್ಬರ ಗಂಟಲಿಗೆ ಚೆನ್ನಾಗಿ ಒಗ್ಗಿದ, ಕೂಟದಲ್ಲಿ ಉಳಿದವರು ಅವರಿಂದಲೇ ಕೇಳಬಯಸುವ ಹಾಡು ಎಂದರ್ಥ.

ಕನ್ನಡದಲ್ಲಿ ‘ಮೆಚ್ಚಿನ ಹಾಡು’ ಎಂದರೆ ಸಾಲದು, ಏಕೆಂದರೆ ಮೆಚ್ಚಿದ್ದನ್ನೆಲ್ಲ ಹಾಡಲು ಬರಬೇಕೆಂದೇನೂ ಇಲ್ಲ. ‘ಕಂಠಪಾಠವಾದ ಹಾಡು’ ಎಂದಾಗ ನೆನಪಿನ ಮಾತು ಬರುತ್ತದೆಯೇ ಹೊರತು ಹಾಡುವ ಸೊಗಸಿನ ಮಾತು ಬರುವುದಿಲ್ಲ. ‘ಅಂಕಿತಗೀತೆ’ ಎಂದು ಹೊಸದಾಗಿ ಕಟ್ಟುವ ಆಸೆ ಹುಟ್ಟಿತಾದರೂ, ‘ಪುರಂದರವಿಠಲ’, ‘ಕಾಗಿನೆಲೆ ಆದಿಕೇಶವ’ ಮೊದಲಾದ ಅಂಕಿತಗಳು ರಚಿಸಿದವರ ಗುರುತೇ ಹೊರತು ಹಾಡುವವರದಲ್ಲವಾದ್ದರಿಂದ, ದಾಸರ ಪದಗಳನ್ನು ಬಲ್ಲ ಓದುಗರಿಗೆ ಅದು ತಪ್ಪು ಅರ್ಥವನ್ನೇ ಕೊಟ್ಟೀತು. ಆಡುಮಾತಿನ ‘ಅದು ಅವನ ಪೇಟೆಂಟ್ ಹಾಡು’ ಎಂಬುದೇ ನನಗೆ ಎಲ್ಲಕ್ಕಿಂತ ಹತ್ತಿರವೆನಿಸುತ್ತದೆ. (ಅದೇ ಕೋಬೆಯಲ್ಲಿ 1971ರಲ್ಲಿ ಕರಾವೋಕೆ ಯಂತ್ರವನ್ನು ಬಾಡಿಗೆಗೆ ಬಿಟ್ಟ ದಾಯ್‌ಸುಕೆ ಇನೊಉಎ ಅದಕ್ಕೆ ಪೇಟೆಂಟ್ ಪಡೆಯಲೇ ಇಲ್ಲವೆಂಬುದು ಬೇರೆ ಮಾತು.) ಆದರೆ ಆ ಪದದಲ್ಲಿ ಬೇರೆಯವರು ಹಾಡಕೂಡದೆಂಬ ಹಕ್ಕಿನ ಛಾಯೆಯಿದೆ, ಜೂಹಾಚಿಬಾನ್‌ನಲ್ಲಿ ಅದಿಲ್ಲ, ಒಂದೇ ಹಾಡು ಇಬ್ಬರದೂ ಆಗಬಹುದು.

ಬಸ್ ಪ್ರವಾಸದ ಅಂತ್ಯಾಕ್ಷರಿಯಲ್ಲಿ, ಭಜನೆಯಲ್ಲಿ, ಮದುವೆಮನೆಯ ಹಸೆಯ ಮುಂದೆ ‘ನಿಮ್ಮದೊಂದು ಇದೆಯಲ್ಲ, ಅದನ್ನೇ ಹೇಳಿ’ ಎಂದು ಒತ್ತಾಯಿಸುವ ರೂಢಿ ನಮ್ಮಲ್ಲಿಯೂ ಇದೆ. ಆ ‘ನಿಮ್ಮದೊಂದು’ ಎಂಬುದಕ್ಕೆ ತಮ್ಮ ಊರಿನ ಮಾತಿನಲ್ಲಿ ಹೆಸರೇನಾದರೂ ಉಂಟೇ? ಯಕ್ಷಗಾನ ವಲಯದಲ್ಲಿ, ಒಬ್ಬ ಭಾಗವತರಿಂದಲೇ ಕೇಳಬೇಕೆಂದು ಪ್ರೇಕ್ಷಕರು ಬಯಸುವ ಪದ್ಯವನ್ನು ಕುರಿತು ಬಳಸುವ ಮಾತಿದ್ದರೆ ಅದನ್ನು ವಾಕ್ಯಸಹಿತ ತಿಳಿಸಬೇಕೆಂದು ಕೋರುತ್ತೇನೆ.